ಹಳ್ಳದ ತಿರುವಿನಲ್ಲಿ ಅಕ್ಕನ ಮನೆ

ಮನೆಗಳಿಗೆ ಜಾಗ ಮಾಡಲೆಂದು ಹಿಂದೆ ಯಾರೋ ನೇರ ಮಾಡಿದ್ದ ಹಳ್ಳ ಪ್ರತಿ ಮಳೆಗಾಲ ಉಕ್ಕಿ ಕೆಳಗಿನ ಬೀದಿಯನ್ನು ಮುಳುಗಿಸುತ್ತಿತ್ತು. ಮಳೆ ವರ್ಷದಿಂದ ವರ್ಷಕ್ಕೆ ಬಿರುಸಾಗುತ್ತಿದ್ದುದರಿಂದ, ಹಳ್ಳಕ್ಕೆ ಅದರ ಹಳೆಯ ತಿರುವನ್ನು ಮರಳಿ ಕೊಡಬೇಕೆಂದು ತೀರ್ಮಾನವಾಯಿತು. ಆ ತಿರುವಿನಲ್ಲೇ ಜೆಸಿಬಿ ಡ್ರೈವರನ ಅಕ್ಕನ ಮನೆಯಿತ್ತು.

ತಾಯಿ ಸತ್ತ ಮೇಲೆ ಅವನನ್ನು ಎತ್ತಿ ಆಡಿಸಿ ಬೆಳೆಸಿದವಳು ಅಕ್ಕ. ಆ ಮನೆ ಕೆಡವುವ ಕೆಲಸವನ್ನು ಅವನು ತಾನಾಗಿಯೇ ಕೇಳಿ ಪಡೆದ. ಬೇರೆಯವರಾದರೆ ಒಂದೇ ಏಟಿಗೆ ಪುಡಿ ಮಾಡುತ್ತಾರೆ. ತಾನಾದರೆ ಅವಳು ಆಸೆಪಟ್ಟು ಹಾಕಿಸಿದ ಕಿಟಕಿಗಳನ್ನಾದರೂ ಉಳಿಸಿಯೇನು ಎಂದುಕೊಂಡಿದ್ದ. ಉಳಿಸಿದ. ಹಸುಗೂಸನ್ನು ಮಲಗಿಸುವಂತೆ ಒಂದೊಂದನ್ನೇ ತಂದು ಅವಳ ಮುಂದೆ ಇಳಿಸಿದ.

“ಇವನ್ನ ಎಲ್ಲಿ ಕೂರಿಸಲೋ, ನನ್ನ ಹಣೆ ಮೇಲಾ?” ಎಂದಳು ಅಕ್ಕ. “ಯಾರೋ ಗೊತ್ತಿಲ್ಲದೋನು ಕೆಡವಿದ್ರೆ ಶಾಪ ಹಾಕಿ ಮರೀತಿದ್ದೆ. ನಿಂಗೆ ಶಾಪ ಹಾಕೋಕೂ ಬಾಯಿ ಬರಲ್ಲ.”

ಅವಳು ಕೆಳಗಿನ ಬೀದಿಯ ಬಾಡಿಗೆ ಕೋಣೆಗೆ ಹೋದಳು.

ಮುಂದಿನ ಮಳೆಗಾಲದ ಬಿರುಮಳೆಗೆ ಹಳ್ಳ ಹುಚ್ಚೆದ್ದು ಬಂತು. ಆದರೆ ಆ ತಿರುವಿನಲ್ಲಿ ಅಗಲವಾಗಿ ಹರಡಿಕೊಂಡು, ಹೊಸದಾಗಿ ನೆಟ್ಟ ಜೊಂಡಿನ ನಡುವೆ ದಣಿದು ಮಲಗಿತು. ಕೆಳಗಿನ ಬೀದಿಗೆ ನೀರು ನುಗ್ಗಲಿಲ್ಲ. ಜನ ಡ್ರೈವರನ ಬೆನ್ನು ತಟ್ಟಿದರು.

ಅವನು ಒದ್ದೆ ಚಪ್ಪಲಿ ಬಿಟ್ಟು ಅಕ್ಕನ ಬಾಗಿಲಲ್ಲಿ ನಿಂತ. ಒಳಗೆ ನೆಲ ಒಣಗಿಯೇ ಇತ್ತು. ಕಿಟಕಿಗಳು ಗೋಡೆಗೆ ಒರಗಿ ನಿಂತಿದ್ದವು.

“ಅಕ್ಕಾ, ನೀರು ಒಳಗೆ ಬರ್ಲಿಲ್ಲ ತಾನೆ?”

ಅವಳು ಕದಕ್ಕೆ ಕೈ ಹಾಕಿದಳು.

“ಇಲ್ಲಪ್ಪ. ನೀನೂ ಬರಬೇಡ.”