ತಹಶೀಲ್ದಾರನಿಗೆ ಹಾಕದ ದಾಕು

ಮನೆಯಲ್ಲಿ ಯಾರೋ ಪ್ರಯಾಣ ಹೊರಡಲಿದ್ದಾರೆಂಬ ಸಂಗತಿ ಪಂಚಾಂಗ ಬಿಡಿಸಿ ಕೂತ ಜೋಯಿಸರಿಗಿಂತ ಮೊದಲು ಬೆಕ್ಕಿಗೆ ತಿಳಿದಿರುತ್ತದೆ. ಗಂಟು ಕಟ್ಟಲೆಂದು ಹಾಸಿದ ಜಮಖಾನದ ನಟ್ಟನಡುವೆ ಅದು ಬಂದು ಕೂರುತ್ತದೆ. ಎತ್ತಿ ಆಚೆ ಬಿಟ್ಟರೆ ಮಡಿಚಿಟ್ಟ ಧೋತರದ ಮೇಲೆ. ಅಲ್ಲಿಂದಲೂ ಎಬ್ಬಿಸಿದರೆ ಹೊಸ್ತಿಲ ಮೇಲೆ. ಹೊರಟವರಿಗೆ ಅಡ್ಡ ಬಂದರೆ ಕಾರ್ಯ ಕೆಡುತ್ತದೆಂದು ಯಾವ ಪ್ರಾಣಿಗೆ ಅಪಖ್ಯಾತಿ ಇದೆಯೋ, ಅದನ್ನೇ ಗಾಡಿಯಲ್ಲಿ ಕೂರಿಸಿಕೊಂಡು ಸಿರುಗುಪ್ಪದಿಂದ ಬಳ್ಳಾರಿಗೆ ಬಂದವನು ನಾನು. ಆದ್ದರಿಂದ ಮಾರ್ಜಾರ ಸಂರಕ್ಷಣೆಯ ವಿಷಯದಲ್ಲಿ ನಾಲ್ಕು ಮಾತು ಹೇಳುವ ಅಧಿಕಾರ ನನಗುಂಟೆಂದು ಭಾವಿಸಿದ್ದೇನೆ. ಬೇರೆ ಯಾವ ವಿಷಯದಲ್ಲೂ ಸರ್ಕಾರವಾಗಲಿ ಸಂಸಾರವಾಗಲಿ ನನಗೆ ಅಧಿಕಾರ ಕೊಟ್ಟದ್ದಿಲ್ಲ.

ಆಗ ನಾನು ಬಳ್ಳಾರಿಯ ಕಚೇರಿಯೊಂದರಲ್ಲಿ ಗುಮಾಸ್ತನಾಗಿದ್ದೆ. ಹಸುಗೂಸಾಗಿದ್ದಾಗಲೇ ತಾಯಿಯನ್ನು ಕಳೆದುಕೊಂಡ ನನ್ನನ್ನು ಎತ್ತಿ ಬೆಳೆಸಿದವಳು ನನ್ನ ಸೋದರತ್ತೆ ತುಂಗಾಬಾಯಿ. ನಮಗೆಲ್ಲ ಅವಳು ತುಂಗತ್ತೆ. ಚಿಕ್ಕ ವಯಸ್ಸಿಗೇ ಗಂಡನನ್ನು ಕಳೆದುಕೊಂಡು, ಸಿರುಗುಪ್ಪದಲ್ಲಿ ಹೊಳೆಯ ಕಡೆಯ ಓಣಿಯ ಮನೆಯಲ್ಲಿ, ಮಡಿ, ಹರಿಸ್ಮರಣೆ ಮತ್ತು ಒಂದು ಬೆಕ್ಕು, ಈ ಮೂರರ ಮಧ್ಯೆ ಅವಳು ಸುಖವಾಗಿಯೇ ಇದ್ದಳು. ಬೆಕ್ಕಿನ ಹೆಸರು ತಹಶೀಲ್ದಾರ. ಬೆಳಗಾದರೆ ಓಣಿಯ ಮನೆಮನೆಗೂ ಹೋಗಿ ಹಾಲಿನ ಕಂದಾಯ ವಸೂಲು ಮಾಡಿಕೊಂಡು ಬರುತ್ತಿದ್ದುದರಿಂದ ಆ ಪದವಿ ಅದಕ್ಕೆ ಸಲ್ಲುವಂಥದ್ದೇ. ಆದರೆ ಅತ್ತೆ ಹೇಳುತ್ತಿದ್ದ ಕಾರಣ ಬೇರೆ. "ನಮ್ಮ ಮನ್ಯಾಗ ಒಬ್ಬರಾದರೂ ತಹಶೀಲ್ದಾರ ಆಗ್ಲಿ ಅಂತ ಇಟ್ಟೀನಿ" ಎಂದು ಬಂದವರ ಮುಂದೆಲ್ಲ ಹೇಳುವಳು. ಹೇಳುವಾಗ ನನ್ನ ಕಡೆ ನೋಡುತ್ತಿರಲಿಲ್ಲ. ನೋಡಬೇಕಾದ ಅಗತ್ಯವೂ ಇರಲಿಲ್ಲ.

ಒಂದು ಬೇಸಗೆಯಲ್ಲಿ ಸಿರುಗುಪ್ಪದ ಕಡೆ 'ಅಮ್ಮ' ಬಂದಿದ್ದಾಳೆಂಬ ಸುದ್ದಿ ಕಚೇರಿಗೆ ತಲುಪಿತು. ಸಿಡುಬನ್ನು ಅದರ ಹೆಸರಿನಿಂದ ಕರೆಯಲು ಆಗ ಯಾರಿಗೂ ಧೈರ್ಯವಿರಲಿಲ್ಲ. ಅದು ಬಾರದಂತೆ ಸರ್ಕಾರದವರು ಹಾಕುವ ದಾಕನ್ನು ಅತ್ತೆ ಹುಟ್ಟಿದಾಗಿನಿಂದ ಹಾಕಿಸಿಕೊಂಡವಳಲ್ಲ. ಒಬ್ಬರ ತೋಳಿನ ಹುಣ್ಣಿನ ರಸ ತಂದು ಇನ್ನೊಬ್ಬರ ತೋಳು ಗೀರಿ ಹಚ್ಚುವ ಆ ಕ್ರಮವನ್ನು ನೆನೆದರೇ ಅವಳಿಗೆ ಎರಡನೆಯ ಸ್ನಾನ ಆಗಬೇಕು. ನನಗೆ ಊಟ ಸೇರಲಿಲ್ಲ. ರಜೆ ಬೇಡಿ, ಗಾಡಿ ಗೊತ್ತು ಮಾಡಿಕೊಂಡು, ಅವಳನ್ನು ಕರೆತರಲು ಹೊರಟೆ.

ಅತ್ತೆ ಬರಲು ಒಪ್ಪಿದಳು. ತಹಶೀಲ್ದಾರನೂ ಬರುವುದಾದರೆ ಮಾತ್ರ.

ಇಲ್ಲಿಂದ ನನ್ನ ಉಪದೇಶ ಆರಂಭ. ಬೆಕ್ಕನ್ನು ಬುಟ್ಟಿಗೆ ಹಾಕುವುದು ಸುಲಭ, ಬೆಕ್ಕಿಗೆ ಗೊತ್ತಾಗದಿದ್ದರೆ. ನಾನು ಬುದ್ಧಿವಂತನಂತೆ ಹೊರಡುವ ಗಳಿಗೆಯಲ್ಲಿ ಮುಚ್ಚಳದ ಬಿದಿರುಬುಟ್ಟಿ ಹಿಡಿದು ಅದರ ಹಿಂದೆ ಹೋದೆ. ಅದು ಅಟ್ಟ ಹತ್ತಿತು, ನಾನೂ ಹತ್ತಿದೆ. ಅದು ಇಳಿಯಿತು, ನನ್ನನ್ನು ಓಣಿಯವರು ಇಳಿಸಬೇಕಾಯಿತು. ಆಮೇಲೆ ಅತ್ತೆ ತನ್ನ ಹಳೆಯ ಸೀರೆಯ ತುಂಡೊಂದನ್ನು ಬುಟ್ಟಿಯೊಳಗೆ ಹಾಸಿ, ಅದನ್ನು ಅಡಿಗೆಮನೆಯ ಮೂಲೆಯಲ್ಲಿ ಬಾಯಿ ತೆರೆದಿಟ್ಟು, ತನ್ನ ಪಾಡಿಗೆ ಜಪಕ್ಕೆ ಕೂತಳು. ಜಪ ಮುಗಿಯುವ ಹೊತ್ತಿಗೆ ತಹಶೀಲ್ದಾರ ತಾನೇ ಒಳಗೆ ಸೇರಿ ಸುರುಳಿಯಾಗಿ ಮಲಗಿದ್ದ. ಸಾಕಿದವರ ಮೈವಾಸನೆಯಿರುವ ಬಟ್ಟೆ, ಗಾಳಿಯಾಡುವ ಬುಟ್ಟಿ, ಬಿಗಿಯಾದ ಮುಚ್ಚಳ, ಹೊರಡುವ ಮುನ್ನ ಅರೆಹೊಟ್ಟೆ: ಇಷ್ಟಿದ್ದರೆ ಬೆಕ್ಕು ಕಾಶಿಗಾದರೂ ಹೋದೀತು. ಅರೆಹೊಟ್ಟೆಯ ನಿಯಮವನ್ನು ನಾನು ಗಾಡಿ ಎರಡು ಹರದಾರಿ ದಾಟಿದ ಮೇಲೆ, ನನ್ನ ಶಲ್ಯವನ್ನು ಹಳ್ಳದಲ್ಲಿ ಒಗೆಯುತ್ತ ಕಲಿತೆ.

ನೇರ ದಾರಿ ಬಿಟ್ಟು ಕುರುಗೋಡಿನ ಮೇಲೆ ಬಂದೆವು. ಅಲ್ಲಿ ನೆಂಟರ ಮನೆಯಲ್ಲಿ ಅತ್ತೆಗೆ ಸಲ್ಲುವ ಮಡಿಯ ಅಡಿಗೆ ಸಿಗುತ್ತಿತ್ತು. ನಾವು ಊಟ ಮುಗಿಸಿ ಪಡಸಾಲೆಗೆ ಬಂದರೆ ಕಟ್ಟೆಯ ಮೇಲೆ ದಾಕು ಹಾಕುವ ಕರೀಂ ಸಾಹೇಬರು ಪೆಟ್ಟಿಗೆ ಬಿಚ್ಚಿಕೊಂಡು ಕೂತಿದ್ದರು. ಓಣಿಯ ಕೂಸುಗಳ ಅಳು ಆಗತಾನೇ ಮುಗಿದಿತ್ತು. ಇದಕ್ಕಿಂತ ಒಳ್ಳೆಯ ಗಳಿಗೆ ಸಿಗಲಾರದೆಂದು ನಾನು ಅತ್ತೆಗೆ ಕೈಮುಗಿದೆ. ಬಳ್ಳಾರಿಯಲ್ಲೂ ಕೌಲ್ ಬಜಾರಿನ ಕಡೆ ಅಮ್ಮ ಕಾಣಿಸಿಕೊಂಡಿದ್ದಾಳೆ, ಊರು ಬದಲಾದರೆ ಸಾಲದು, ದಾಕೂ ಬೇಕು ಎಂದೆ. ನನಗೆ ತಿಳಿದಿದ್ದ ಶಾಸ್ತ್ರ, ಇಂಗ್ಲಿಷ್ ವೈದ್ಯ, ಸರ್ಕಾರದ ಹುಕುಂ ಎಲ್ಲವನ್ನೂ ಬೆರೆಸಿ ಹೇಳಿದೆ. ಅತ್ತೆ ಬೆಕ್ಕಿನ ಬೆನ್ನು ಸವರುತ್ತ ಕೂತಿದ್ದಳು.

ಕೊನೆಗೆ ಸಾಹೇಬರ ಕಡೆ ತಿರುಗಿ, "ಅಷ್ಟು ಚಲೋದಿದ್ದರ ಮೊದಲ ಇದಕ್ಕ ಹಾಕ್ರಿ" ಎಂದಳು.

ಸಾಹೇಬರು ಬೆಕ್ಕನ್ನು ನೋಡಿದರು, ನನ್ನನ್ನು ನೋಡಿದರು. ಇಬ್ಬರಲ್ಲಿ ಯಾರು ಹೆಚ್ಚು ದೀನರೆಂದು ಅವರಿಗೆ ತಿಳಿದಂತೆ ಕಾಣಲಿಲ್ಲ.

"ಅಮ್ಮಾ, ಬೆಕ್ಕಿಗೆ ಹಾಕೋ ದಾಕು ಸರ್ಕಾರದಾಗ ಇನ್ನೂ ಬಂದಿಲ್ರಿ. ಇದು ಮನಷ್ಯಾರಿಗೆ ಅಷ್ಟ."

"ಮತ್ತ ಇದನ್ನ ಹೆಂಗ ಕಾಯಬೇಕು?"

"ಇದಕ್ಕ ನೀವ ಗತಿ. ನೀವು ಇದ್ದರ ಇದಕ್ಕೇನ ಆಗತೈತ್ರಿ?"

ಇದು ಸಾಹೇಬರು ಸಮಾಧಾನಕ್ಕೆಂದು ಹೇಳಿದ ಮಾತು; ಹೇಳಿ ಪೆಟ್ಟಿಗೆ ಒರೆಸಲು ತೊಡಗಿದರು. ಆದರೆ ಬೆನ್ನು ಸವರುತ್ತಿದ್ದ ಅತ್ತೆಯ ಕೈ ನಿಂತಿತು. ನನ್ನ ಅಷ್ಟು ದೊಡ್ಡ ಭಾಷಣದಲ್ಲಿ ನಾನು 'ನಿನ್ನ ಜೀವ, ನಿನ್ನ ಜೀವ' ಎಂದೇ ಹೇಳಿದ್ದೆ. ಅರ್ಧ ಆಯುಷ್ಯವನ್ನು ಏಕಾದಶಿಯಲ್ಲೇ ಕಳೆದ ಅವಳಿಗೆ ತನ್ನ ಜೀವ ಒಂದು ದೊಡ್ಡ ಆಸ್ತಿಯೇ ಅಲ್ಲವೆಂಬುದು ನನಗೆ ಹೊಳೆದಿರಲಿಲ್ಲ.

"ಹೌದಲೇ ಸೀನಾ" ಎಂದಳು ನನ್ನ ಕಡೆ ತಿರುಗಿ, ಮೆಲ್ಲಗೆ. "ನಾ ಹೋದರ ಇದಕ್ಕ ಮಸರನ್ನ ಕಲಸಿ ಹಾಕೋರು ಯಾರು? ನಿನ್ನ ಹೇಂತಿಗಂತೂ ಬೆಕ್ಕು ಕಂಡರ ಆಗೂದಿಲ್ಲ."

ಮನಸ್ಸು ಒಪ್ಪಿತು, ಮಡಿ ಒಪ್ಪಬೇಕಲ್ಲ. ಆ ಸಲಕರಣೆ ಊರ ತೋಳೆಲ್ಲ ಮುಟ್ಟಿ ಬಂದದ್ದು. ಅತ್ತೆ ಸೆರಗು ಸರಿಸುವುದು, ಮತ್ತೆ ಹೊದೆಯುವುದು ನಡೆದೇ ಇತ್ತು. ಇಷ್ಟರಲ್ಲಿ ತಹಶೀಲ್ದಾರ, ತನ್ನ ಹುದ್ದೆಯ ಸ್ವಭಾವಕ್ಕೆ ಅನುಗುಣವಾಗಿ, ತೆರೆದ ಪೆಟ್ಟಿಗೆ ಕಂಡೊಡನೆ ತಪಾಸಣೆಗೆ ಇಳಿದ. ಸಾಹೇಬರು ಹಾಂ ಹಾಂ ಎನ್ನುವುದರೊಳಗೆ ಅವನ ಮೂತಿ ಪೆಟ್ಟಿಗೆಯೊಳಗೆ ಹೋಗಿ ಬಂದಿತ್ತು. ನಮ್ಮ ಮಡಿ ಹೆಂಗಸರ ಸಂವಿಧಾನದಲ್ಲಿ ಬೆಕ್ಕಿಗೆ ಮೈಲಿಗೆಯಿಲ್ಲವೆಂಬುದು ನಿಮಗೂ ತಿಳಿದಿರಬಹುದು. ಮಡಿಯಲ್ಲಿರುವಾಗ ಹೆತ್ತ ಮಗ ಮುಟ್ಟಿದರೆ ಮತ್ತೆ ನೀರು ಹೊಯ್ದುಕೊಳ್ಳಬೇಕು. ಬೆಕ್ಕು ಬಂದು ತೊಡೆಯೇರಿದರೆ ಮಂತ್ರದ ನಡುವೆಯೇ ತಲೆ ಸವರಬಹುದು.

"ತಹಶೀಲ್ದಾರ ಮುಟ್ಟ್ಯಾನ" ಎಂದಳು ಅತ್ತೆ, ತೀರ್ಪು ಓದಿದಂತೆ. "ಇನ್ನ ಅದರಾಗ ಮೈಲಿಗಿ ಇಲ್ಲ. ಹಾಕ್ರಿ." ಸಾಹೇಬರು ಗಂಭೀರವಾಗಿ ತಲೆಯಾಡಿಸಿ, ಚೂರಿಯನ್ನು ಇನ್ನೊಮ್ಮೆ ಒರೆಸಿಕೊಂಡು ಅವಳ ತೋಳು ಗೀರಿದರು. ಅತ್ತೆ ಕಣ್ಣು ಮುಚ್ಚಲಿಲ್ಲ. ಪಕ್ಕದಲ್ಲಿ ನಿಂತಿದ್ದ ನಾನು ಮುಚ್ಚಿಕೊಂಡೆ.

ಬಳ್ಳಾರಿಗೆ ಬಂದ ಮೇಲೆ ತೋಳು ಊದಿ ಜ್ವರ ಬಂತು, ಗೀರಿದಲ್ಲಿ ಗುಳ್ಳೆಯೆದ್ದು ದಾಕು ಚೆನ್ನಾಗಿ ಹಿಡಿಯಿತು. ಅದೇ ತಿಂಗಳು ಸಿರುಗುಪ್ಪದ ಆ ಓಣಿಯಲ್ಲಿ ಅಮ್ಮ ಹೊಕ್ಕ ಮನೆಗಳ ಸುದ್ದಿ ಬಂದಾಗ ನಾನು ಹಿತ್ತಿಲಿಗೆ ಹೋಗಿ ಒಬ್ಬನೇ ಅತ್ತುಬಿಟ್ಟೆ. ಅತ್ತೆಗೆ ಹೇಳಲಿಲ್ಲ. ಆಮೇಲೆ ಅವಳು ನಮ್ಮಲ್ಲೇ ಉಳಿದಳು. ಹೊಸ ಊರಿನಲ್ಲಿ ಬೆಕ್ಕನ್ನು ಮೊದಲ ಕೆಲವು ದಿನ ಬಾಗಿಲು ಹಾಕಿದ ಕೋಣೆಯಲ್ಲೇ ಇಡಬೇಕೆಂದೂ, ಬಾವಿಗೆ ಮುಚ್ಚಳ ಬೇಕೆಂದೂ, ದಂಡಿನ ದೊರೆಗಳ ನಾಯಿಗಳು ಗಾಳಿ ತಿನ್ನಲು ಹೊರಡುವ ಸಂಜೆ ಹೊತ್ತು ಅದನ್ನು ಬೀದಿಗೆ ಬಿಡಬಾರದೆಂದೂ ಅತ್ತೆಯ ಶಾಸನವಾಯಿತು. ನನ್ನ ಹೆಂಡತಿ ಮೊದಲು ಮೂಗು ಮುರಿದಳು. ವರ್ಷ ತಿರುಗುವುದರೊಳಗೆ ತಹಶೀಲ್ದಾರನಿಗೆ ಕೆನೆ ತೆಗೆದಿಟ್ಟು ನನಗೆ ನೀರುಹಾಲು ಕೊಡುವ ಹಂತಕ್ಕೆ ಬಂದಿದ್ದಳು.

ತಹಶೀಲ್ದಾರ ತುಂಬು ವಯಸ್ಸು ಬದುಕಿ, ಒಂದು ಮಧ್ಯಾಹ್ನ ಅತ್ತೆಯ ಮಣೆಯ ಪಕ್ಕದಲ್ಲೇ ಕಣ್ಣು ಮುಚ್ಚಿದ. ಅತ್ತೆ ಹೆಚ್ಚು ಅಳಲಿಲ್ಲ. ಊಟ ಮಾತ್ರ ಕಡಿಮೆಯಾಗುತ್ತ ಬಂತು. ಆ ವರ್ಷ ಊರಲ್ಲಿ ಮತ್ತೆ ಅಮ್ಮನ ಸುದ್ದಿ ಎದ್ದು, ದಾಕಿನವರು ನಮ್ಮ ಓಣಿಗೆ ಬಂದರು. ಹಳೆಯ ದಾಕಿನ ಬಲ ಕುಂದಿರುತ್ತದೆ, ಇನ್ನೊಮ್ಮೆ ಹಾಕಿಸಿಕೊಳ್ಳಬೇಕು ಎಂದರು. ಅತ್ತೆ ಗೋಡೆಯ ಕಡೆ ಮುಖ ಮಾಡಿ, "ನನಗ್ಯಾಕ ಇನ್ನ? ನಾ ಮಸರನ್ನ ಕಲಸಿ ಹಾಕಾಕ ಯಾರದಾರ?" ಎಂದಳು.

ಅವಳು ಕಲಸಿ ಹಾಕಿದ ಮೊಸರನ್ನದಲ್ಲೇ ಬೆಳೆದ ಐವತ್ತರ ಹತ್ತಿರದ ಕೂಸು ನಾನು, ಅಲ್ಲೇ ಕಂಬಕ್ಕೆ ಒರಗಿ ನಿಂತಿದ್ದೆ. ಮಾತಾಡಿ ಗೆಲ್ಲುವುದು ನನ್ನಿಂದಾಗದೆಂದು ಕುರುಗೋಡಿನಲ್ಲೇ ಗೊತ್ತಾಗಿತ್ತು. ಹಿಂದಿನ ಬೀದಿಯ ಹಾಲಿನವರ ಕೊಟ್ಟಿಗೆಯಲ್ಲಿ ಬೆಕ್ಕು ಮರಿ ಹಾಕಿದ್ದು ನೆನಪಾಯಿತು. ಹೋದೆ, ಇದ್ದುದರಲ್ಲಿ ಬಡಕಲಾದ, ಒಂದು ಕಿವಿ ಮಡಿಚಿದ ಮರಿಯನ್ನು ಶಲ್ಯದಲ್ಲಿ ಸುತ್ತಿ ತಂದು ಅತ್ತೆಯ ಮಡಿಲಿಗೆ ಬಿಟ್ಟೆ.

ಮರಿ ಸೀರೆಯ ನಿರಿಗೆಯೊಳಗೆ ಮುಖ ಹುದುಗಿಸಿ ಕಿರುಗುಟ್ಟಿತು. ಅತ್ತೆ ಅದನ್ನು ಬೆಳಕಿಗೆ ಎತ್ತಿ ಹಿಡಿದು ನೋಡಿದಳು. ಆಮೇಲೆ ನನ್ನನ್ನು ನೋಡಿದಳು. ನನ್ನ ಹುನ್ನಾರ ಅವಳಿಗೆ ತಿಳಿಯದೆ ಇರಲಿಲ್ಲ.

"ಎಲುಬು ಎಣಿಸಬೇಕು, ಹಂಗೈತಿ. ಏನು ಉಣಿಸ್ಯಾರ ಇದಕ್ಕ? ಹಾಲು ಕಾಸಾಕ ಹೇಳು" ಎಂದಳು. ನಾನು ಅಡಿಗೆಮನೆಯ ಕಡೆ ತಿರುಗುವಷ್ಟರಲ್ಲಿ ಮತ್ತೆ ಕರೆದಳು. ಮರಿಯನ್ನು ಎಡಗೈಯಲ್ಲಿ ಒತ್ತಿ ಹಿಡಿದುಕೊಂಡು, ಬಲಗೈ ತೋಳಿನ ಮೇಲಿನ ಸೆರಗನ್ನು ಆಗಲೇ ಸರಿಸಿಕೊಂಡಿದ್ದಳು.

"ಲೇ ಸೀನಾ, ಆ ದಾಕಿನವರು ಇನ್ನೂ ಓಣ್ಯಾಗ ಅದಾರೇನು ನೋಡು."

ನಾನು ರುಮಾಲು ಸುತ್ತಿಕೊಳ್ಳುವುದನ್ನೂ ಮರೆತು ಬೀದಿಗೆ ಓಡಿದೆ.