ಕೆಳಗಿಟ್ಟ ಬಟ್ಟಲು

ಐನ್ ತೂತ್ ಹಳ್ಳಿಯ ಶಲೀತಾ, ಊರವರ ಬಾಯಲ್ಲಿ ಅಫಂದಿ, ಅಂದರೆ ಸಾಹೇಬ, ಎರಡು ಸಲ ಬೈರುತ್‌ನ ಶಾಸನಸಭೆಗೆ ಗೆದ್ದವನು. ಫ್ರೆಂಚರ ಆಳ್ವಿಕೆಯಲ್ಲಿ ಆ ಸಭೆಗೇ ಹಲ್ಲಿರಲಿಲ್ಲ, ಇನ್ನು ಇವನಿಗೆಲ್ಲಿಂದ ಬರಬೇಕು! ಅದಕ್ಕೆ ಮುಂಚೆ ರೇಷ್ಮೆಗೂಡಿನ ದಲ್ಲಾಳಿ. ಕ್ರೈಸ್ತ ಸನ್ಯಾಸಿಗಳ ಮಠದಲ್ಲಿ ನಾಲ್ಕಕ್ಷರ ಫ್ರೆಂಚ್ ಕಲಿತಿದ್ದ, ಕೆಂಪು ಟೋಪಿ ತಲೆಗೆ ಒಪ್ಪುತ್ತಿತ್ತು. ಮಾರೋನೀಯ ಪಂಥದ ಕ್ರೈಸ್ತರಿಗೆ ಮೀಸಲಾದ ಸೀಟಿಗೆ ಅಷ್ಟು ಸಾಕಾಯಿತು.

ಅವನ ರಾಜಕೀಯವೆಲ್ಲ ನಡೆದದ್ದು ಮನೆಯ ಜಗಲಿಯಲ್ಲಿ. ಬೇಡಿಕೆ ಇದ್ದವರು ಕಾಫಿ ಬಟ್ಟಲನ್ನು ತುಟಿಗೆ ಮುಟ್ಟಿಸದೆ ಕೆಳಗಿಡುತ್ತಿದ್ದರು. ಮಾತು ಸಿಗುವ ತನಕ ಕುಡಿಯುವಂತಿಲ್ಲ; ಮೊದಲೇ ಕುಡಿದರೆ ಬೇಡಿಕೆ ಬಿಟ್ಟುಕೊಟ್ಟಂತೆ.

"ಕುಡಿ ಮಾರಾಯ, ನಿನ್ನ ಕೆಲಸ ಆಯ್ತು ಅನ್ಕೋ" ಎನ್ನುತ್ತಿದ್ದ ಶಲೀತಾ. ಕೆಲವು ಆಗುತ್ತಿದ್ದವು, ಕೆಲವು ಇಲ್ಲ. ಕಾಫಿಯನ್ನಂತೂ ಎಲ್ಲರೂ ಕುಡಿದೇ ಹೋಗುತ್ತಿದ್ದರು.

ಒಂದು ಬೆಳಿಗ್ಗೆ ವಿಧವೆ ವರ್ದೆ ಬಟ್ಟಲು ಕೆಳಗಿಟ್ಟಳು. ತಂಬಾಕಿನ ವ್ಯಾಪಾರವನ್ನೆಲ್ಲ ಫ್ರೆಂಚ್ ಕಂಪನಿಗೆ ವಹಿಸಿದ್ದಕ್ಕೆ ಎದ್ದ ಗಲಾಟೆಯಲ್ಲಿ ಅವಳ ಒಬ್ಬನೇ ಮಗ ದೂಮಿತ್‌ನನ್ನು ಸಿಪಾಯಿಗಳು ಹಿಡಿದೊಯ್ದಿದ್ದರು.

"ಹೆಂಗಾದ್ರೂ ಮಾಡಿ ಬಿಡಿಸ್ಕೊಂಡು ಬಾ, ಅಫಂದಿ."

"ಕುಡಿಯಮ್ಮ. ಸಲಹೆಗಾರ ದೊರೆ ನನ್ನ ಮಾತು ತೆಗೆದುಹಾಕಲ್ಲ."

"ಅವನ ಮುಂದೂ ಹಿಂಗೇ ಬಟ್ಟಲು ಇಡ್ತೀಯಾ?"

"ಇಡ್ತೀನಿ, ಸಾಕಾ?"

ಇಟ್ಟದ್ದು ನಿಜ. ಹೆಸರಿಗೆ ಸಲಹೆಗಾರ, ನಿಜಕ್ಕೆ ಜಿಲ್ಲೆಯನ್ನೇ ಆಳುವ ಆ ಫ್ರೆಂಚ್ ಅಧಿಕಾರಿಯ ಕಚೇರಿಯಲ್ಲಿ ದೂಮಿತ್‌ನ ವಿಷಯ ಹೇಳಿ, ಕೊಟ್ಟ ಬಟ್ಟಲನ್ನು ಕುಡಿಯದೆ ಮೇಜಿನ ಮೇಲಿಟ್ಟು ಕೈಕಟ್ಟಿ ಕುಳಿತ. ದೊರೆ "ನೋಡೋಣ" ಎಂದು ರಸ್ತೆ ಮಸೂದೆಯ ಮಾತೆತ್ತಿದ. ಕೊನೆಗೆ ಬಟ್ಟಲು ಕಂಡು ಹುಬ್ಬೇರಿಸಿದ.

"ಯಾಕೆ, ನಮ್ಮ ಕಾಫಿ ರುಚಿಸಲಿಲ್ಲವೇ?"

"ಛೆ ಛೆ, ಬಹಳ ಚೆನ್ನಾಗಿದೆ ಸ್ವಾಮಿ!" ಎಂದು ಶಲೀತಾ ಗಡಿಬಿಡಿಯಲ್ಲಿ ಎತ್ತಿ ಗಸಿಯವರೆಗೂ ಕುಡಿದುಬಿಟ್ಟ. ದೂಮಿತ್‌ನ ಮಾತನ್ನು ಮತ್ತೆ ಎತ್ತದೆ ಮೆಟ್ಟಿಲಿಳಿದ.

ವರ್ದೆ ಊರ ಬಾಗಿಲಲ್ಲೇ ಕಾದಿದ್ದಳು. "ಕುಡಿದ್ಯಾ?" ಎಂದಷ್ಟೇ ಕೇಳಿದಳು. ಅವನು ಟೋಪಿ ಸರಿಮಾಡಿಕೊಂಡ.

ದೂಮಿತ್ ಎರಡು ವರ್ಷ ಜೈಲಿನಲ್ಲಿದ್ದು ಕೆಮ್ಮು ಅಂಟಿಸಿಕೊಂಡು ಬಂದ. ಅಷ್ಟರಲ್ಲಿ ದೊರೆಯ ಕೃಪೆಯಿಂದ ಶಲೀತಾ ಮತ್ತೊಮ್ಮೆ ಗೆದ್ದಿದ್ದ. ಆದರೆ ಈಗ ಅವನ ಜಗಲಿಯಲ್ಲಿ ಯಾರೂ ಬಟ್ಟಲು ಕೆಳಗಿಡುತ್ತಿರಲಿಲ್ಲ. ಕೊಟ್ಟ ಕೂಡಲೇ ಕುಡಿದು, ಮಳೆ ಬೆಳೆ ಮಾತಾಡಿ ಎದ್ದು ಹೋಗುತ್ತಿದ್ದರು. ಚುನಾವಣೆಯಲ್ಲಿ ಸೋತುಹೋಗಿದ್ದರೆ ಕೂಡ ಅವನಿಗೆ ಇಷ್ಟು ನೋವಾಗುತ್ತಿರಲಿಲ್ಲ.

ಯುದ್ಧ ಬಂತು, ಫ್ರೆಂಚರು ಸಭೆಯನ್ನೇ ಮುಚ್ಚಿದರು. ಮಾಜಿಯಾದ ಶಲೀತಾ ಒಂದು ಮಧ್ಯಾಹ್ನ ತಾನಾಗಿ ವರ್ದೆಯ ಮನೆಗೆ ಹೋದ. ಬಂದವನಿಗೆ ಕಾಫಿ ಇಲ್ಲವೆನ್ನಲಾಗದೆ ಅವಳು ಕೊಟ್ಟಳು. ಅವನು ಬಟ್ಟಲನ್ನು ಚಾಪೆಯ ಮೇಲಿಟ್ಟ.

"ನಿಂಗೇನಪ್ಪ ಬೇಕು ನನ್ನ ಹತ್ರ?"

"ನಿಂಗೆ ಗೊತ್ತು. ಅವತ್ತು ದೊರೆ ಮುಂದೆ ಕುಡಿದುಬಿಟ್ಟೆ."

ಒಳಗೆ ದೂಮಿತ್ ಕೆಮ್ಮಿದ. ವರ್ದೆ ಎದ್ದು ಹೋಗಿ ಮಗನಿಗೆ ನೀರು ಕುಡಿಸಿ, ಹೊದಿಕೆ ಸರಿಮಾಡಿ ಬಂದಳು. ಆಮೇಲೆ ಬಗ್ಗಿ ಬಟ್ಟಲು ಎತ್ತಿಕೊಂಡಳು.

"ಆರಿಹೋಯ್ತು. ಕೂತಿರು, ಬಿಸಿಯಾಗಿ ಬೇರೆ ಮಾಡ್ಕೊಂಡು ಬರ್ತೀನಿ, ಕುಡಿದೇ ಹೋಗು" ಎಂದಳು.