ಊಟದ ಕಾಗದದ ಮೇಲೆ ಚಿಕ್ಕಮ್ಮನ ಗುರುತು

ನಮ್ಮ ಚಿಕ್ಕಮ್ಮ ಬಟ್ಟೆ ಹೊಲಿಯುತ್ತಾಳೆ. ಬೀದಿಯವರಿಗೆಲ್ಲ ಅವಳು ಟೈಲರಮ್ಮ. ಮನೆಯ ಮುಂದಿನ ಕೋಣೆಯೇ ಅವಳ ಅಂಗಡಿ. ಬಾಗಿಲ ಪಕ್ಕ ಹೊಲಿಗೆ ಮಿಷನ್ನು, ಅದರಾಚೆ ಬಟ್ಟೆ ಕತ್ತರಿಸುವ ಮೇಜು, ಮೇಜಿನ ಕೆಳಗೆ ತುಂಡು ಬಟ್ಟೆಗಳ ಗಂಟು. ಒಬ್ಬ ಗಿರಾಕಿ ಒಳಗೆ ಬಂದರೆ ಚಿಕ್ಕಮ್ಮ ಸ್ಟೂಲನ್ನು ಗೋಡೆಗೆ ಒತ್ತಿಕೊಂಡು ಕೂರಬೇಕು, ಅಷ್ಟೇ ಜಾಗ. ಬೀದಿಯ ತುದಿಯಲ್ಲಿರುವ ಶಾಲೆಗೆ ವರ್ಷವೂ ಸಮವಸ್ತ್ರ ಹೊಲಿದುಕೊಡುವುದು ಅವಳ ದೊಡ್ಡ ಕೆಲಸ. ಅವಳ ಐದು ವರ್ಷದ ಮಗಳು ಪುಟಾಣಿಯೂ ಅದೇ ಶಾಲೆಗೆ ಹೋಗುತ್ತಾಳೆ.

ಅವಳಿಗೆ ಇನ್ನೊಂದು ಕೆಲಸವೂ ಇತ್ತು. ನಮ್ಮ ಬೀದಿಯಲ್ಲಿ ಓದು ಬರಹ ಬಾರದ ಹೆಂಗಸರು ಬಹಳ. ಆಸ್ಪತ್ರೆಯ ಚೀಟಿ, ನಲ್ಲಿಯ ಅರ್ಜಿ, ಊರಿಂದ ಬಂದ ಕಾಗದ, ಎಲ್ಲವೂ ಅವಳ ಮೇಜಿಗೆ ಬರುತ್ತಿದ್ದವು. ಗುಂಡುಸೂಜಿಗಳನ್ನು ತುಟಿಯಲ್ಲಿ ಕಚ್ಚಿಕೊಂಡೇ ಅವಳು ಓದಿ, ಬರೆದು, ಹೆಬ್ಬೆಟ್ಟು ಎಲ್ಲಿ ಒತ್ತಬೇಕೆಂದು ಬೆರಳಿಟ್ಟು ತೋರಿಸುತ್ತಿದ್ದಳು. ಅವಳು ಬರೆದದ್ದನ್ನು ಇನ್ನೊಬ್ಬರ ಹತ್ತಿರ ಓದಿಸಿ ನೋಡಿದವರು ಯಾರೂ ಇಲ್ಲ. ಟೈಲರಮ್ಮ ಬರೆದರೆ ಮುಗಿಯಿತು.

ಶಾಲೆಯಿಂದ ಆ ಕಾಗದ ಬಂದದ್ದು ವರ್ಷದ ಶುರುವಿನಲ್ಲಿ. ಮಕ್ಕಳಿಗೆ ಕೊಡುವ ಮಧ್ಯಾಹ್ನದ ಊಟದ ಬಗ್ಗೆ ಪೋಷಕರ ಅಭಿಪ್ರಾಯ ತಿಳಿಸಿ ಎಂದು ಅದರಲ್ಲಿತ್ತು. ಊಟವನ್ನು ಒಬ್ಬ ಗುತ್ತಿಗೆದಾರ ಬೇರೆ ಕಡೆ ಮಾಡಿಸಿ ವ್ಯಾನಿನಲ್ಲಿ ತರುತ್ತಿದ್ದ. ಐದು ಪ್ರಶ್ನೆಗಳಿದ್ದವು. ಊಟ ಬಿಸಿಯಾಗಿರುತ್ತದೆಯೇ, ಮೆತ್ತಗೆ ಬೆಂದಿರುತ್ತದೆಯೇ, ಸಾಕಷ್ಟು ಬಡಿಸುತ್ತಾರೆಯೇ, ಸ್ವಚ್ಛವಾಗಿರುತ್ತದೆಯೇ, ಮಗು ಪೂರ್ತಿ ತಿನ್ನುತ್ತದೆಯೇ. ಒಂದೊಂದರ ಮುಂದೆಯೂ ಮೂರು ಚೌಕ: ಚೆನ್ನಾಗಿದೆ, ಪರವಾಗಿಲ್ಲ, ಚೆನ್ನಾಗಿಲ್ಲ. ಮೇಲ್ಗಡೆ ಮಗುವಿನ ಹೆಸರು, ಕೆಳಗಡೆ ಸಹಿ ಅಥವಾ ಹೆಬ್ಬೆಟ್ಟು.

ಆ ವಾರ ಚಿಕ್ಕಮ್ಮನಿಗೆ ಉಸಿರಾಡಲು ಪುರುಸೊತ್ತಿರಲಿಲ್ಲ. ಸಮವಸ್ತ್ರ ಇನ್ನೂ ಅರ್ಧ ಬಾಕಿ. ಕಾಗದ ಹಿಡಿದುಕೊಂಡು ಒಬ್ಬೊಬ್ಬರೇ ಬಂದರು. ಅವರು ಏನೂ ಹೇಳಲಿಲ್ಲ, ಇವಳು ಏನೂ ಕೇಳಲಿಲ್ಲ. ಐದಕ್ಕೆ ಐದೂ ಚೆನ್ನಾಗಿದೆ ಎಂದು ಗುರುತು ಹಾಕಿ, ಇಲ್ಲಿ ಒತ್ತಿ ಎಂದು ಕಳಿಸಿದಳು. ಅವಸರವೊಂದೇ ಕಾರಣವಲ್ಲ. ಮೇಲೆ ಮಗುವಿನ ಹೆಸರಿರುವ ಕಾಗದದಲ್ಲಿ ದೂರು ಬರೆದರೆ ನಾಳೆ ಆ ಮಗುವನ್ನೇ ಯಾರಾದರೂ ಗದರಿಸಿದರೆ ಎಂಬ ಹೆದರಿಕೆಯೂ ಇತ್ತಂತೆ. ಒಟ್ಟು ಇಪ್ಪತ್ತೆರಡು ಕಾಗದ. ಸರಿಯಾಗಿ ಹೇಳಬೇಕೆಂದರೆ ಇಪ್ಪತ್ತಮೂರು, ಏಕೆಂದರೆ ಪುಟಾಣಿಯದನ್ನೂ ಹಾಗೆಯೇ ತುಂಬಿದಳು.

ಮೂರು ತಿಂಗಳಾಗುವ ಹೊತ್ತಿಗೆ ತಾಯಂದಿರು ಲಂಗ, ಚಡ್ಡಿ ಹಿಡಿದುಕೊಂಡು ಬರತೊಡಗಿದರು. ಮಕ್ಕಳ ಬಟ್ಟೆ ಬಿಗಿಯಾಯಿತು, ಸಡಿಲ ಮಾಡಿಕೊಡಿ ಎಂದು ಬರುವುದು ವಾಡಿಕೆ. ಈ ಸಲ ಸೊಂಟದ ಗುಂಡಿ ಒಳಗೆ ಸರಿಸಿ, ಜಾರುತ್ತದೆ ಎಂದು ಬಂದರು. ಮೊದಲ ಇಬ್ಬರಿಗೆ ಚಿಕ್ಕಮ್ಮ ನಕ್ಕು, ಅಳತೆ ನಾನೇ ತಪ್ಪಿದೆನೇನೋ ಎಂದಳು. ಆರನೆಯವಳು ಬಂದಾಗ ಅಳತೆ ಪುಸ್ತಕ ತೆಗೆದು ನೋಡಿದಳು. ಅಳತೆ ಸರಿಯಾಗಿಯೇ ಇತ್ತು. ಆರೂ ಮಕ್ಕಳು ಅತಿ ಚಿಕ್ಕವರ ತರಗತಿಯವರು, ಪುಟಾಣಿಯ ಜೊತೆಯವರು.

ಆ ಸಂಜೆ ಪುಟಾಣಿಯನ್ನು ಮೇಜಿನ ಮೇಲೆ ಕೂರಿಸಿಕೊಂಡು ಶಾಲೆಯಲ್ಲಿ ಏನು ತಿಂದೆ ಎಂದು ಕೇಳಿದಳು. ಪುಟಾಣಿ ಚೆನ್ನಾಗಿ ತಿನ್ನುವ ಹುಡುಗಿ, ಮನೆಯಲ್ಲಿ ಎರಡೆರಡು ಸಲ ಹಾಕಿಸಿಕೊಳ್ಳುತ್ತಾಳೆ, ಹಾಗಾಗಿ ಅಮ್ಮನಿಗೆ ಸಂಶಯ ಬಂದಿರಲಿಲ್ಲ. ಹುಡುಗಿ ಕಾಲಾಡಿಸುತ್ತ ಹೇಳಿದ್ದು ಇಷ್ಟು: ದೊಡ್ಡ ಮಕ್ಕಳದ್ದೆಲ್ಲ ಆದ ಮೇಲೆ ಇವರನ್ನು ಕರೆಯುತ್ತಾರೆ. ಅಷ್ಟು ಹೊತ್ತಿಗೆ ಅನ್ನ ಒಣಗಿ ಉಂಡೆಯಾಗಿರುತ್ತದೆ, ಅಗಿಯಲು ಆಗುವುದಿಲ್ಲ. ಗಂಟೆ ಬೇಗ ಹೊಡೆಯುತ್ತಾರೆ. ಬಿಟ್ಟರೆ ಬೈಯುತ್ತಾರೆಂದು ಎಲ್ಲರೂ ಕಿಟಕಿಯಾಚೆ ಹಾಕುತ್ತಾರೆ. ಅಲ್ಲಿ ಒಂದು ಬೆಕ್ಕಿದೆ.

"ಬೆಕ್ಕೂ ತಿನ್ನಲ್ಲಮ್ಮ," ಎಂದಳು ಪುಟಾಣಿ. "ಮೂಸಿ ನೋಡಿ ಹೋಗತ್ತೆ."

ಚಿಕ್ಕಮ್ಮ ಆಗಲೇ ಶಾಲೆಗೆ ಹೋಗಬಹುದಿತ್ತು. ಹೋಗಲಿಲ್ಲ. ನಾಳೆ ಹೋದರಾಯಿತು ಎಂದು ದಿನ ದೂಡಿದಳು. ಹೋದರೆ ಆ ಕಾಗದಗಳ ಮಾತು ಬರುತ್ತದೆಂದು ಅವಳಿಗೆ ಗೊತ್ತಿತ್ತು.

ಅಷ್ಟರಲ್ಲಿ ಇಸ್ತ್ರಿ ಅಕ್ಕನ ಮಗ ಬಿದ್ದ. ಇಸ್ತ್ರಿ ಅಕ್ಕ ನಮ್ಮ ಎದುರಿನ ಜಗಲಿಯಲ್ಲಿ ಬಟ್ಟೆಗೆ ಇಸ್ತ್ರಿ ಹಾಕುತ್ತಾಳೆ, ಚಿಕ್ಕಮ್ಮ ಹೊಲಿದದ್ದೆಲ್ಲ ಅವಳ ಪೆಟ್ಟಿಗೆಯ ಕೆಳಗೇ ಮಡಿಕೆಯಾಗುವುದು. ಅವಳ ಮಗನನ್ನು ಎಲ್ಲರೂ ಕಡ್ಡಿ ಎಂದೇ ಕರೆಯುತ್ತಾರೆ, ಅವನೂ ಪುಟಾಣಿಯ ತರಗತಿಯವನು. ಮಧ್ಯಾಹ್ನದ ಪಾಠದಲ್ಲಿ ಅವನಿಗೆ ತಲೆಸುತ್ತು ಬಂದು ಕುರ್ಚಿಯಿಂದ ಉರುಳಿ, ಹುಬ್ಬಿನ ಮೇಲೆ ಮೂರು ಹೊಲಿಗೆ ಬಿದ್ದವು. ಬೆಳಗಿನಿಂದ ಹೊಟ್ಟೆಯಲ್ಲಿ ಏನೂ ಇರಲಿಲ್ಲ ಎಂದು ಆಸ್ಪತ್ರೆಯವರು ಹೇಳಿದರು.

ಇಸ್ತ್ರಿ ಅಕ್ಕ ಕೆಂಡವಾಗಿ ಶಾಲೆಗೆ ಹೋದಳು. ಹೋದಷ್ಟೇ ಬೇಗ ತಣ್ಣಗಾಗಿ ವಾಪಸು ಬಂದಳು. ಹೆಡ್ ಮೇಡಂ ಅವಳ ಮುಂದೆ ಒಂದು ಕಾಗದ ಇಟ್ಟರಂತೆ. ಊಟ ಚೆನ್ನಾಗಿದೆ ಎಂದು ನೀವೇ ಹೆಬ್ಬೆಟ್ಟು ಒತ್ತಿದ್ದೀರಿ, ಈಗ ಹೀಗೆ ಬಂದು ಕೂಗಿದರೆ ಹೇಗೆ ಎಂದರಂತೆ. ಅವಳು ನೇರ ಚಿಕ್ಕಮ್ಮನ ಅಂಗಡಿಗೆ ಬಂದು ನಿಂತಳು.

"ಸುಳ್ಳು ಕಾಗದ ತೋರಿಸ್ತಾಳೆ ಕಣೆ ಆ ಮೇಡಂ. ಓದೋಕೆ ಬರಲ್ಲ ಅಂತ ನನ್ನ ಕಣ್ಣಿಗೆ ಮಣ್ಣೆರಚ್ತಾಳೆ. ಶನಿವಾರ ಎಲ್ಲರನ್ನೂ ಕರೆದಿದ್ದಾರೆ, ಆ ಗುತ್ತಿಗೆಯವನೂ ಬರ್ತಾನಂತೆ. ನೀನು ನನ್ನ ಪಕ್ಕ ಕೂತ್ಕೊ. ಎಲ್ಲರ ಮುಂದೆ ಆ ಕಾಗದ ಓದು, ಅವಳ ಬಂಡವಾಳ ಗೊತ್ತಾಗ್ಲಿ."

ಚಿಕ್ಕಮ್ಮ ಮಿಷನ್ನಿನ ಚಕ್ರದ ಮೇಲೆ ಕೈಯಿಟ್ಟುಕೊಂಡು ಹೂಂ ಎಂದಳು.

ಶನಿವಾರಕ್ಕೆ ನಾಲ್ಕು ದಿನ ಇತ್ತು. ಆ ನಾಲ್ಕು ದಿನದಲ್ಲಿ ಅವಳು ಒಂದು ಅಂಗಿಗೆ ಎರಡೂ ಎಡಗೈ ತೋಳು ಕೂರಿಸಿದಳು, ಅಳತೆ ತೆಗೆದುಕೊಂಡು ಬರೆಯುವುದನ್ನೇ ಮರೆತಳು. ಕೊನೆಗೆ ಚಿಕ್ಕಪ್ಪನಿಗೆ ಎಲ್ಲ ಹೇಳಿದಳು. ಚಿಕ್ಕಪ್ಪ ಲಿಫ್ಟ್ ರಿಪೇರಿ ಮಾಡುವವರು, ಯಾವುದಕ್ಕೂ ತಲೆಬಿಸಿ ಮಾಡಿಕೊಳ್ಳುವವರಲ್ಲ.

"ಗುರುತಿಗೇನು ಬಾಯಿದ್ಯಾ, ಯಾರು ಹಾಕಿದ್ದು ಅಂತ ಹೇಳೋಕೆ?" ಎಂದರು. "ಅವರು ಹೇಳಿದ್ದನ್ನೇ ಬರೆದೆ ಅಂದುಬಿಡು. ಈಗ ಯಾರಿಗೆ ನೆನಪಿರತ್ತೆ?"

"ಅವರು ನಂಬಿಬಿಡ್ತಾರೆ," ಎಂದಳು ಚಿಕ್ಕಮ್ಮ. "ಅದೇ ಕಷ್ಟ."

ಚಿಕ್ಕಪ್ಪನಿಗೆ ಆಮೇಲೆ ತಮಾಷೆ ಬರಲಿಲ್ಲ. ಮುಂದಿನ ವರ್ಷದ ಸಮವಸ್ತ್ರದ ಕೆಲಸ ಹೆಡ್ ಮೇಡಂ ಕೈಯಲ್ಲಿದೆ ಎಂಬುದನ್ನು ನೆನಪಿಸಿದರು. ಅದು ಅವಳಿಗೂ ನೆನಪಿತ್ತು.

ಶನಿವಾರ ಪೋಷಕರನ್ನು ಕೂರಿಸಿದ್ದು ಅದೇ ಚಿಕ್ಕ ಮಕ್ಕಳ ತರಗತಿಯಲ್ಲಿ. ಕುರ್ಚಿಗಳು ಮೊಣಕಾಲೆತ್ತರ. ದೊಡ್ಡವರೆಲ್ಲ ಮಂಡಿ ಗಲ್ಲಕ್ಕೆ ತಗಲುವಂತೆ ಕುಕ್ಕರಿಸಿದ್ದರು. ನಾನು ಪುಟಾಣಿಯನ್ನು ಹಿಡಿದುಕೊಂಡು ಹೊರಗೆ ಕಿಟಕಿಯ ಪಕ್ಕ ನಿಂತಿದ್ದೆ, ಆದ್ದರಿಂದ ಮುಂದಿನದು ನಾನೇ ಕಂಡದ್ದು.

ಗುತ್ತಿಗೆದಾರ ಇಸ್ತ್ರಿ ಮುರಿಯದ ಬಿಳಿ ಅಂಗಿ ಹಾಕಿಕೊಂಡು, ತೊಡೆಯ ಮೇಲೆ ಒಂದು ಫೈಲು ಇಟ್ಟುಕೊಂಡಿದ್ದ. ತಾಯಂದಿರು ಒಬ್ಬೊಬ್ಬರಾಗಿ ಹೇಳತೊಡಗಿದರು. ಒಬ್ಬಳು ಮಗ ಶಾಲೆಯಿಂದ ಬಂದವನೇ ಅಡುಗೆಮನೆಗೆ ನುಗ್ಗುತ್ತಾನೆ ಎಂದಳು. ಇನ್ನೊಬ್ಬಳು ತರಕಾರಿ ತುಂಡು ಎಷ್ಟು ದೊಡ್ಡದೆಂದರೆ ಮಗುವಿನ ಬಾಯೊಳಗೇ ಹೋಗುವುದಿಲ್ಲ ಎಂದಳು. ಒಬ್ಬ ಆಟೋದವನು ಮಾತ್ರ ತನ್ನ ಮಗಳಿಗೆ ಊಟ ಇಷ್ಟವೇ ಎಂದ. ಅವಳು ದೊಡ್ಡವರ ತರಗತಿಯವಳು. ಗುತ್ತಿಗೆದಾರ ಎಲ್ಲವನ್ನೂ ತಾಳ್ಮೆಯಿಂದ ಕೇಳಿಸಿಕೊಂಡ. ಆಮೇಲೆ ಫೈಲು ಬಿಚ್ಚಿದ.

"ಬಾಯಲ್ಲಿ ಏನು ಬೇಕಾದ್ರೂ ಹೇಳ್ಬಹುದಮ್ಮ. ಬರೆದುಕೊಟ್ಟಿದ್ದು ಇಲ್ಲಿದೆ. ಚಿಕ್ಕ ಮಕ್ಕಳ ತರಗತಿದು ಮೂವತ್ತೊಂದು ಕಾಗದ, ಅದ್ರಲ್ಲಿ ಇಪ್ಪತ್ತೇಳು ಎಲ್ಲಾ ಚೆನ್ನಾಗಿದೆ ಅಂತ."

ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ನಾವೇ ಏನೋ ತಪ್ಪು ಮಾಡಿಬಿಟ್ಟೆವಲ್ಲ ಎಂಬಂತೆ ಒಬ್ಬಿಬ್ಬರು ತಲೆ ತಗ್ಗಿಸಿದರು. ಇಸ್ತ್ರಿ ಅಕ್ಕ ಮಾತ್ರ ಎದ್ದು ನಿಂತಳು. ನಮ್ಮ ಟೈಲರಮ್ಮ ಓದಿ ಹೇಳಲಿ, ಆಮೇಲೆ ನಂಬುತ್ತೇನೆ ಎಂದಳು. ಹೆಡ್ ಮೇಡಂ ಒಂದು ಕಾಗದ ಹುಡುಕಿ ತೆಗೆದು ಚಿಕ್ಕಮ್ಮನ ಕೈಗೆ ಕೊಟ್ಟರು.

ಚಿಕ್ಕಮ್ಮ ಅದನ್ನು ಓದಿದಳು. ಮೊದಲು ಶಾಲೆಯಲ್ಲಿ ಬರೆಸಿದ ಕಡ್ಡಿಯ ಹೆಸರು, ಆಮೇಲೆ ಒಂದೊಂದು ಪ್ರಶ್ನೆ, ಒಂದೊಂದರ ಮುಂದೆ ಚೆನ್ನಾಗಿದೆ. ಐದನೆಯದಕ್ಕೆ ಬಂದಾಗ ಅವಳ ದನಿ ಕಿಟಕಿಯವರೆಗೆ ಬರಲೇ ಇಲ್ಲ.

"ನಾನು ಹಾಗೆ ಹೇಳೇ ಇಲ್ಲ," ಎಂದಳು ಇಸ್ತ್ರಿ ಅಕ್ಕ.

"ಮತ್ತೆ ಈ ಹೆಬ್ಬೆಟ್ಟು ಯಾರದಮ್ಮ? ನಂದಾ?" ಎಂದ ಗುತ್ತಿಗೆದಾರ. ಹಿಂದೆ ಯಾರೋ ಕಿಸಕ್ಕೆಂದರು.

"ಹೆಬ್ಬೆಟ್ಟು ಅವರದು," ಎಂದಳು ಚಿಕ್ಕಮ್ಮ. "ಗುರುತು ನಂದು."

ಮೊದಲಿಗೆ ಯಾರಿಗೂ ಅರ್ಥವಾಗಲಿಲ್ಲ. ಅವಳು ಹೋಗಿ ಫೈಲನ್ನು ಕೇಳಿ ತೆಗೆದುಕೊಂಡು, ಮೇಜಿನ ಮೇಲೆ ಕಾಗದಗಳನ್ನು ಒಂದೊಂದಾಗಿ ಬೇರ್ಪಡಿಸತೊಡಗಿದಳು. ಬಟ್ಟೆಯ ಮೇಲೆ ಸೀಮೆಸುಣ್ಣದಲ್ಲಿ ಕತ್ತರಿಸುವ ಜಾಗ ತೋರಿಸಲು ಹಾಕುವ ಗುರುತನ್ನೇ ಅವಳು ಕಾಗದದ ಮೇಲೂ ಹಾಕುವುದು, ಬಾಲ ಉದ್ದವಾಗಿ ಕೆಳಗೆ ಬಾಗಿರುತ್ತದೆ. ಹುಡುಕುವ ಕಷ್ಟವೇ ಇರಲಿಲ್ಲ. ಇಪ್ಪತ್ತಮೂರನ್ನೂ ಒಂದು ಕಡೆ ಇಟ್ಟಳು. ಇವಿಷ್ಟನ್ನೂ ತಾನು ಯಾರನ್ನೂ ಕೇಳದೆ ತುಂಬಿದ್ದೆಂದೂ, ಇವರಲ್ಲಿ ಒಬ್ಬರೂ ಊಟ ಚೆನ್ನಾಗಿದೆ ಎಂದು ತನಗೆ ಹೇಳಿರಲಿಲ್ಲವೆಂದೂ ಹೇಳಿದಳು.

ಜನ ಗುತ್ತಿಗೆದಾರನ ಮೇಲೆ ತಿರುಗಿ ಬೀಳುತ್ತಾರೆ ಎಂದು ನಾನು ಅಂದುಕೊಂಡಿದ್ದೆ. ಬಿದ್ದದ್ದು ಚಿಕ್ಕಮ್ಮನ ಮೇಲೆ. ನಿನ್ನ ಕೆಲಸ ಉಳಿಸಿಕೊಳ್ಳಲು ನಮ್ಮ ಮಕ್ಕಳ ಹೊಟ್ಟೆಯ ಮೇಲೆ ಹೊಡೆದೆಯಲ್ಲ ಎಂದು ಒಬ್ಬಳು ಕೇಳಿದಳು. ಇನ್ನೂ ಎಷ್ಟು ಕಾಗದದಲ್ಲಿ ಹೀಗೆ ಬರೆದಿದ್ದೀಯೋ ಎಂದಳು ಮತ್ತೊಬ್ಬಳು. ಇಸ್ತ್ರಿ ಅಕ್ಕ ಕೂಗಾಡಲಿಲ್ಲ.

"ನಾಲ್ಕು ದಿನದಿಂದ ನಿಂಗೆ ಗೊತ್ತಿತ್ತು," ಎಂದಳು. "ನಾನು ಎದುರಿಗೇ ಇದ್ದೆ. ಬಾಗಿಲು ದಾಟಿದ್ರೆ ನಮ್ಮನೆ."

ಚಿಕ್ಕಮ್ಮ ಅವಳ ಹೆಬ್ಬೆಟ್ಟಿದ್ದ ಕಾಗದವನ್ನೂ ಆ ಕಟ್ಟಿನ ಮೇಲೆ ಇಟ್ಟಳು.

ಗುತ್ತಿಗೆದಾರ ತನ್ನ ಫೈಲನ್ನು ವಾಪಸು ಎಳೆದುಕೊಂಡು ಮುಚ್ಚಿ, ಹಾಗಾದರೆ ತಪ್ಪು ಟೈಲರಮ್ಮನದು, ಊಟದ್ದಲ್ಲ ಎಂದ. ಆಗ ಚಿಕ್ಕಮ್ಮ ಹೆಡ್ ಮೇಡಂ ಕಡೆ ತಿರುಗಿ, ಖಾಲಿ ಕಾಗದ ಉಳಿದಿದ್ದರೆ ಕೊಡಿ, ಈಗ ಇಲ್ಲೇ ತುಂಬಲಿ ಎಂದಳು. ಹೆಡ್ ಮೇಡಂ ಒಂದು ಕ್ಷಣ ತಡೆದರು. ಗುತ್ತಿಗೆದಾರನ ಮುಖ ನೋಡಿದರು, ಆಮೇಲೆ ಮೇಜಿನ ಮೇಲಿದ್ದ ಆ ಇಪ್ಪತ್ತಮೂರು ಕಾಗದ ನೋಡಿದರು. ಕಪಾಟಿನ ಬೀಗ ತೆಗೆದು ಒಂದು ಕಟ್ಟು ತಂದಿಟ್ಟರು.

ಚಿಕ್ಕಮ್ಮ ಪೆನ್ನು ಕೈಗೆ ತೆಗೆದುಕೊಂಡಳು. ಯಾರೂ ಅವಳ ಹತ್ತಿರ ಬರಲಿಲ್ಲ. ಎಲ್ಲರೂ ಕಾಗದ ಹಿಡಿದುಕೊಂಡು ಕೋಣೆಯ ಇನ್ನೊಂದು ಮೂಲೆಗೆ, ಆಟೋದವನ ಮುಂದೆ ಸಾಲುಗಟ್ಟಿದರು. ಅವನ ಅಕ್ಷರ ಕೋಳಿ ಕೆದರಿದಂತೆ, ಒಂದು ಕಾಗದಕ್ಕೆ ಕಾಲು ಗಂಟೆ. ಒಂದು ಪ್ರಶ್ನೆ ಓದಿ, ಏನು ಹಾಕಲಕ್ಕ ಎನ್ನುತ್ತಾನೆ, ಅವರು ಹೇಳುವುದನ್ನು ಬಾಯಿಬಿಟ್ಟುಕೊಂಡು ಕೇಳುತ್ತಾನೆ, ಮತ್ತೊಮ್ಮೆ ಕೇಳುತ್ತಾನೆ, ಆಮೇಲೆ ಗುರುತು ಹಾಕುತ್ತಾನೆ. ಯಾರೂ ಬೇಗ ಮುಗಿಸು ಎನ್ನಲಿಲ್ಲ. ಚಿಕ್ಕಮ್ಮ ಆ ಪುಟ್ಟ ಕುರ್ಚಿಯ ಮೇಲೆ ಕೂತು ಪುಟಾಣಿಯದೊಂದನ್ನು ತುಂಬಿ, ಮೇಜಿನ ಮೇಲಿಟ್ಟು ಹೊರಗೆ ಬಂದಳು.

ಸೋಮವಾರದಿಂದ ಚಿಕ್ಕ ಮಕ್ಕಳಿಗೆ ಮೊದಲು ಬಡಿಸತೊಡಗಿದರು. ಗುತ್ತಿಗೆದಾರ ಹೋಗಲಿಲ್ಲ, ಆದರೆ ಅನ್ನ ಮೆತ್ತಗೆ ಮಾಡಿಸಬೇಕು, ತರಕಾರಿ ಸಣ್ಣಗೆ ಹೆಚ್ಚಿಸಬೇಕು ಎಂದು ಹೆಡ್ ಮೇಡಂ ಅವನಿಂದ ಬರೆಸಿಕೊಂಡರು. ದಿನಕ್ಕೊಬ್ಬ ತಾಯಿ ಊಟದ ಹೊತ್ತಿಗೆ ಹೋಗಿ, ಮಕ್ಕಳ ಜೊತೆ ಕೂತು, ಅದೇ ಊಟ ತಿಂದು ನೋಡಬೇಕೆಂದೂ ತೀರ್ಮಾನವಾಯಿತು. ಯಾರು ಯಾವ ದಿನ ಎಂಬ ಪಟ್ಟಿಯನ್ನು ಇಸ್ತ್ರಿ ಅಕ್ಕನ ಜಗಲಿಯಲ್ಲಿ ಮಾಡಿದರು. ಅದರಲ್ಲಿ ಚಿಕ್ಕಮ್ಮ ಇರಲಿಲ್ಲ. ಮುಂದಿನ ವರ್ಷದ ಸಮವಸ್ತ್ರವನ್ನು ಪೇಟೆಯ ಅಂಗಡಿಗೆ ಕೊಡುತ್ತೇವೆ ಎಂದು ಶಾಲೆಯಿಂದ ಹೇಳಿಕಳಿಸಿದರು. ಚಿಕ್ಕಮ್ಮ ಎರಡರ ಬಗ್ಗೆಯೂ ಯಾರ ಹತ್ತಿರವೂ ದೂರಲಿಲ್ಲ. ಹೊಲಿದ ಬಟ್ಟೆಗೆ ತಾನೇ ಮನೆಯಲ್ಲಿ ಇಸ್ತ್ರಿ ಹಾಕಿಕೊಂಡಳು, ಎರಡು ಸುಟ್ಟಳು.

ಐದು ವಾರ ಕಳೆದ ಮೇಲೆ ಒಂದು ಬುಧವಾರ ಇಸ್ತ್ರಿ ಅಕ್ಕ ಬಾಗಿಲಲ್ಲಿ ಬಂದು ನಿಂತಳು. ಒಳಗೆ ಬರಲಿಲ್ಲ.

"ನಾಳೆ ನನ್ನ ಸರದಿ. ಮದುವೆಮನೆ ಬಟ್ಟೆ ರಾಶಿ ಬಿದ್ದಿದೆ, ನಂಗಾಗಲ್ಲ. ನೀನು ಹೋಗ್ತೀಯಾ?"

ಚಿಕ್ಕಮ್ಮ ತುಟಿಯಲ್ಲಿದ್ದ ಗುಂಡುಸೂಜಿಗಳನ್ನು ತೆಗೆದು ಮೇಜಿನ ಮೇಲಿಟ್ಟು, ಹೋಗುತ್ತೇನೆ ಎಂದಳು.

"ತಿಂದು ನೋಡು. ತಿನ್ನದೆ ಬಂದು ಏನೂ ಹೇಳ್ಬೇಡ."

ಗುರುವಾರ ಅವಳು ಹನ್ನೊಂದೂವರೆಗೇ ಮಿಷನ್ನಿಗೆ ಬಟ್ಟೆ ಹೊದಿಸಿ ಹೋದಳು. ಪುಟಾಣಿಗೂ ಕಡ್ಡಿಗೂ ನಡುವೆ ನೆಲದ ಮೇಲೆ ಕೂತು ಪೂರ್ತಿ ಒಂದು ತಟ್ಟೆ ಉಂಡಳಂತೆ. ವಾಪಸು ಬಂದವಳು ಮನೆಗೆ ಬರದೆ ಎದುರಿನ ಜಗಲಿಗೆ ಹೋದಳು. ಊಟ ಬಿಸಿಯಾಗಿತ್ತು, ತರಕಾರಿ ಸಣ್ಣಗಿತ್ತು, ಕಡ್ಡಿ ಎರಡನೆಯ ಸಲ ಹಾಕಿಸಿಕೊಂಡ, ಆದರೆ ಅನ್ನ ಇನ್ನೂ ಸ್ವಲ್ಪ ಗಟ್ಟಿಯೇ ಇದೆ ಎಂದು ಹೇಳಿದಳು. ಇಸ್ತ್ರಿ ಅಕ್ಕ ಪೆಟ್ಟಿಗೆಯನ್ನು ಬದಿಗಿಟ್ಟು, ಹಾಗಾದರೆ ನಡಿ, ಇಬ್ಬರೂ ಹೋಗಿ ಮೇಡಂಗೆ ಹೇಳೋಣ ಎಂದು ಚಪ್ಪಲಿ ಮೆಟ್ಟಿಕೊಂಡಳು.